ಬರಡು ನೆಲದ ಬಾಂಧವ್ಯ: ಬೇರು ಮತ್ತು ಶಿಲೀಂಧ್ರಗಳ ಸಹಜೀವನದ ಇತಿಹಾಸ

ಬೇಸಗೆಯ ಕೊನೆಯ ದಿನಗಳಲ್ಲಿ, ಕಲ್ಲು ಬೆರೆತ ಗುಡ್ಡದ ಇಳಿಜಾರಿನಲ್ಲಿ, ಹುಲ್ಲೆಲ್ಲ ಒಣಗಿ ನೆಲ ಬಿರುಕು ಬಿಟ್ಟಿರುವಾಗಲೂ ಅಲ್ಲೊಂದು ಇಲ್ಲೊಂದು ಮರ ಹಸಿರಾಗಿ ನಿಂತಿರುವುದನ್ನು ಕಾಣದವರಿಲ್ಲ. ಆ ಮಣ್ಣಿನಲ್ಲಿ ಸಾರವಿಲ್ಲ, ತೇವವಿಲ್ಲ. ಆದರೂ ಮರ ಬದುಕಿದೆ. ಕಾರಣವೇನೆಂದು ಕೇಳಿದರೆ, ಬೇರು ಆಳಕ್ಕೆ ಇಳಿದಿದೆ ಎಂಬ ಉತ್ತರ ಬರುತ್ತದೆ. ಆ ಉತ್ತರ ಸುಳ್ಳಲ್ಲ. ಆದರೆ ಪೂರ್ಣವೂ ಅಲ್ಲ. ನೆಲದ ಮೇಲಿನ ಬಹುಪಾಲು ಸಸ್ಯಗಳ ಬೇರು ಒಂಟಿಯಾಗಿ ದುಡಿಯುವುದಿಲ್ಲ. ಕೂದಲಿಗಿಂತ ಎಷ್ಟೋ ಪಾಲು ತೆಳುವಾದ ಎಳೆಗಳುಳ್ಳ ಶಿಲೀಂಧ್ರಗಳು ಬೇರಿನ ಮೇಲೆಯೋ ಒಳಗೆಯೋ ನೆಲೆಸಿ, ಅಲ್ಲಿಂದ ಸುತ್ತಲಿನ ಮಣ್ಣಿಗೆ ಹರಡಿ, ಬೇರು ಮುಟ್ಟಲಾರದ ಎಡೆಗಳಿಂದ ಆಹಾರವನ್ನೂ ನೀರನ್ನೂ ತಂದೊಪ್ಪಿಸುತ್ತವೆ. ಎಲೆಯಲ್ಲಿ ಬಿಸಿಲಿನಿಂದ ಸಿದ್ಧವಾದ ಸಕ್ಕರೆ ಮತ್ತು ಕೊಬ್ಬಿನ ಅಂಶಗಳಲ್ಲಿ ಒಂದು ಪಾಲು ಅವುಗಳಿಗೆ ಸಲ್ಲುತ್ತದೆ. ಬೇರು ಮತ್ತು ಶಿಲೀಂಧ್ರ ಕೂಡಿ ಆದ ಈ ಅಂಗಕ್ಕೆ ವಿಜ್ಞಾನದಲ್ಲಿ ಮೈಕೊರೈಜಾ ಎಂದು ಹೆಸರು.

ಈ ಸಂಬಂಧದ ವಯಸ್ಸು ನಲವತ್ತು ಕೋಟಿ ವರ್ಷಗಳಿಗೂ ಹೆಚ್ಚು. ಮನುಷ್ಯನು ಇದನ್ನು ಅರಿತುಕೊಂಡು ಇನ್ನೂ ಒಂದೂವರೆ ಶತಮಾನ ತುಂಬಿಲ್ಲ. ಅರಿತ ಬಳಿಕವೂ ಅದನ್ನು ಒಪ್ಪಿಕೊಳ್ಳಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಏಕೆಂದರೆ ಶಿಲೀಂಧ್ರವೆಂದರೆ ಕೊಳೆ, ಬೂಷ್ಟು, ರೋಗ ಎಂಬ ತೀರ್ಪು ಮೊದಲೇ ಆಗಿಹೋಗಿತ್ತು. ಶತ್ರುವೆಂದು ತಿಳಿದದ್ದು ಪೋಷಕನೆಂದು ಕಂಡುಬಂದ ಬಗೆಯೇ ಈ ಇತಿಹಾಸದ ತಿರುಳು.

ಟ್ರಫಲ್ ಹುಡುಕಿ ಹೊರಟವನಿಗೆ ದೊರೆತದ್ದು

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಯೂರೋಪಿನ ಶ್ರೀಮಂತರ ಊಟದಲ್ಲಿ ಟ್ರಫಲ್ ಎಂಬ ನೆಲದೊಳಗಿನ ಅಣಬೆಗೆ ಬಹಳ ಬೆಲೆಯಿತ್ತು. ಅದು ಕಾಡಿನಲ್ಲಿ ತಾನಾಗಿ ಸಿಗುತ್ತಿತ್ತೇ ಹೊರತು ಬೇಕೆಂದಲ್ಲಿ ಬೆಳೆಯುತ್ತಿರಲಿಲ್ಲ. ಅದನ್ನು ಬೆಳೆಸುವ ದಾರಿಯನ್ನು ಶೋಧಿಸುವಂತೆ ಪ್ರಷ್ಯಾ ರಾಜ್ಯದ ಕೃಷಿ ಸಚಿವಾಲಯವು ಬರ್ಲಿನ್ ನಗರದ ಕೃಷಿ ವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗಿದ್ದ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್ ಎಂಬ ಸಸ್ಯವಿಜ್ಞಾನಿಗೆ ವಹಿಸಿತು. 1839ರಲ್ಲಿ ಡ್ರೆಸ್ಡೆನ್ನಿನಲ್ಲಿ ಹುಟ್ಟಿದ ಫ್ರಾಂಕ್, ಕಲ್ಲುಹೂಗಳಲ್ಲಿ ಪಾಚಿಯೂ ಶಿಲೀಂಧ್ರವೂ ಒಂದಾಗಿ ಬಾಳುವ ಬಗೆಯನ್ನು ಅದಾಗಲೇ ಅಭ್ಯಾಸ ಮಾಡಿದ್ದನು. ಎರಡು ಜೀವಿಗಳು ಕೂಡಿ ಬಾಳುವುದನ್ನು ಹಾನಿ ಅಥವಾ ಲಾಭದ ತೀರ್ಪು ಕೊಡದೆ ಹೆಸರಿಸಲು ಒಂದು ಪದ ಬೇಕೆಂದು 1877ರಲ್ಲಿಯೇ ಸೂಚಿಸಿದ್ದನು.

ಟ್ರಫಲ್ ಬೆಳೆಸುವ ಉಪಾಯ ಫ್ರಾಂಕನಿಗೆ ಸಿದ್ಧಿಸಲಿಲ್ಲ. ಆದರೆ ಟ್ರಫಲ್ ದೊರೆಯುವ ಕಾಡಿನ ಮರಗಳ ಬೇರನ್ನು ಅಗೆದು ನೋಡಿದಾಗ ಅವನ ಕಣ್ಣಿಗೆ ಬೇರೊಂದು ಸಂಗತಿ ಬಿತ್ತು. ಓಕ್, ಬೀಚ್, ಹೇಜಲ್ ಮೊದಲಾದ ಮರಗಳ ನವಿರಾದ ಬೇರುಗಳ ತುದಿಗಳೆಲ್ಲ ಶಿಲೀಂಧ್ರದ ಎಳೆಗಳಿಂದ ನೇಯ್ದ ಒಂದು ಹೊದಿಕೆಯೊಳಗೆ ಅಡಗಿದ್ದವು. ರೋಗ ಹಿಡಿದ ಒಂದೆರಡು ಮರಗಳಲ್ಲಿ ಮಾತ್ರ ಹೀಗಿದ್ದರೆ ಅದೊಂದು ವ್ಯಾಧಿ ಎನ್ನಬಹುದಿತ್ತು. ಆದರೆ ಸೊಂಪಾಗಿ ಬೆಳೆದ ಮರಗಳಲ್ಲಿಯೂ, ದೂರದೂರದ ಕಾಡುಗಳಲ್ಲಿಯೂ ಅದೇ ಹೊದಿಕೆ ಕಂಡಿತು. 1885ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಫ್ರಾಂಕ್ ಈ ಕೂಡು ಅಂಗಕ್ಕೆ ಶಿಲೀಂಧ್ರ, ಬೇರು ಎಂಬ ಅರ್ಥದ ಎರಡು ಗ್ರೀಕ್ ಪದಗಳನ್ನು ಜೋಡಿಸಿ ಹೆಸರಿಟ್ಟನು. ಶಿಲೀಂಧ್ರವು ಮರಕ್ಕೆ ಕೇಡು ಮಾಡುತ್ತಿಲ್ಲ. ಮಗುವಿಗೆ ಹಾಲೂಡುವ ದಾದಿಯಂತೆ ಮಣ್ಣಿನಿಂದ ನೀರನ್ನೂ ಆಹಾರವನ್ನೂ ತೆಗೆದುಕೊಡುತ್ತಿದೆ ಎಂಬುದು ಅವನ ನಿಲುವು.

ಅವನಿಗಿಂತ ತುಸು ಮೊದಲು, 1880ರ ದಶಕದ ಆರಂಭದಲ್ಲಿ, ಪೋಲೆಂಡಿನ ಫ್ರಾನ್ಸಿಷೆಕ್ ಕಾಮಿಯೆನ್ಸ್ಕಿ ಎಂಬ ಸಸ್ಯವಿಜ್ಞಾನಿ ಇದೇ ದಿಕ್ಕಿನಲ್ಲಿ ಯೋಚಿಸಿದ್ದನು. ಮೊನೊಟ್ರೋಪ ಎಂಬ ಕಾಡುಗಿಡದಲ್ಲಿ ಹಸಿರೇ ಇಲ್ಲ. ತನ್ನ ಆಹಾರವನ್ನು ತಾನು ತಯಾರಿಸಿಕೊಳ್ಳಲಾರದ ಅದು ಬದುಕುವುದು ಹೇಗೆ? ಅದರ ಬೇರು ನೆರೆಯ ಮರದ ಬೇರಿಗೆ ನೇರವಾಗಿ ಅಂಟಿಕೊಂಡಿಲ್ಲ, ನಡುವೆ ಶಿಲೀಂಧ್ರವಿದೆ, ಆ ಶಿಲೀಂಧ್ರದ ಮೂಲಕವೇ ಅದಕ್ಕೆ ಪೋಷಣೆ ದೊರೆಯುತ್ತಿದೆ ಎಂದು ಕಾಮಿಯೆನ್ಸ್ಕಿ ಊಹಿಸಿದನು. ಆ ಊಹೆ ನಿಜವೆಂದು 1960ರಲ್ಲಿ ಸ್ವೀಡನ್ನಿನ ಎರಿಕ್ ಬ್ಯೋರ್ಕ್‌ಮನ್ ತೋರಿಸಿಕೊಟ್ಟನು. ಮರಕ್ಕೆ ಸೇರಿಸಿದ ವಿಕಿರಣಶೀಲ ಸಕ್ಕರೆಯ ಗುರುತು ಪಕ್ಕದ ಮೊನೊಟ್ರೋಪದಲ್ಲಿ ಕಾಣಿಸಿಕೊಂಡಿತು.

ಫ್ರಾಂಕನ ಮಾತನ್ನು ಅವನ ಕಾಲದವರು ಸುಲಭವಾಗಿ ಒಪ್ಪಲಿಲ್ಲ. ಅರಣ್ಯರೋಗ ಶಾಸ್ತ್ರದ ಸ್ಥಾಪಕನೆಂದು ಹೆಸರಾದ ರಾಬರ್ಟ್ ಹಾರ್ಟಿಗ್ ಇದನ್ನು ಬಲವಾಗಿ ವಿರೋಧಿಸಿದನು. ಮರಗಳನ್ನು ಕೊಲ್ಲುವ ಶಿಲೀಂಧ್ರಗಳನ್ನು ಜೀವನವಿಡೀ ಅಭ್ಯಾಸ ಮಾಡಿದವನಿಗೆ ಶಿಲೀಂಧ್ರವೊಂದು ಮರವನ್ನು ಪೋಷಿಸುತ್ತದೆ ಎಂಬ ಮಾತು ಹಿಡಿಸದೆ ಹೋದದ್ದು ಆಶ್ಚರ್ಯವಲ್ಲ. ಇದರಲ್ಲಿ ಒಂದು ವಿಚಿತ್ರವೂ ಇದೆ. ಬೇರಿನ ಜೀವಕೋಶಗಳ ನಡುವೆ ಶಿಲೀಂಧ್ರದ ಎಳೆಗಳು ಹೆಣೆಯುವ ಬಲೆಯ ಚಿತ್ರವನ್ನು 1840ರಷ್ಟು ಹಿಂದೆಯೇ ಬರೆದಿದ್ದವನು ರಾಬರ್ಟನ ತಂದೆ ಥಿಯೋಡರ್ ಹಾರ್ಟಿಗ್. ಅದು ಶಿಲೀಂಧ್ರವೆಂದು ಅವನಿಗೆ ತಿಳಿದಿರಲಿಲ್ಲ. ಬೇರಿನದೇ ಭಾಗವೆಂದು ಭಾವಿಸಿದ್ದನು. ಇಂದಿಗೂ ಆ ರಚನೆಯ ಹೆಸರು ಹಾರ್ಟಿಗ್ ಜಾಲ. ತಂದೆ ಕಂಡರೂ ಗುರುತಿಸಲಿಲ್ಲ. ಮಗ ಗುರುತಿಸಿದರೂ ಒಪ್ಪಲಿಲ್ಲ.

ಫ್ರಾಂಕ್ ವಾದದಿಂದ ಉತ್ತರ ಹೇಳದೆ ಪ್ರಯೋಗದಿಂದ ಹೇಳಲು ಯತ್ನಿಸಿದನು. 1890ರ ದಶಕದ ಆರಂಭದಲ್ಲಿ ಪೈನ್ ಸಸಿಗಳನ್ನು ಎರಡು ಬಗೆಯಲ್ಲಿ ಬೆಳೆಸಿದನು. ಒಂದು ಗುಂಪಿಗೆ ಕಾಡಿನ ಮಣ್ಣು ಇದ್ದಂತೆಯೇ; ಇನ್ನೊಂದಕ್ಕೆ ಅದೇ ಮಣ್ಣನ್ನು ಕಾಯಿಸಿ ಅದರೊಳಗಿನ ಜೀವವನ್ನೆಲ್ಲ ಕೊಂದು. ಜೀವವುಳ್ಳ ಮಣ್ಣಿನ ಸಸಿಗಳು ಮುಂದಾದವು. ನಿರ್ಜೀವ ಮಣ್ಣಿನವು ಸೊರಗಿದವು. ಆದರೆ ಕಾಯಿಸಿದಾಗ ಮಣ್ಣಿನ ಗುಣವೇ ಬದಲಾಗಬಹುದು ಎಂಬ ಆಕ್ಷೇಪಣೆಗೆ ಆಸ್ಪದ ಉಳಿದಿತ್ತು. 1900ರಲ್ಲಿ ಫ್ರಾಂಕ್ ತೀರಿಕೊಂಡಾಗ ಅವನ ಮಾತು ಇನ್ನೂ ವಿವಾದದಲ್ಲಿಯೇ ಇತ್ತು.

ಹಿಡಿ ಮಣ್ಣಿನ ಪಾಠ

ಪ್ರಯೋಗಶಾಲೆಯಲ್ಲಿ ತೀರದ ವಿವಾದವನ್ನು ತೀರಿಸುವ ಸಾಕ್ಷ್ಯ ಬಡ ನೆಲಗಳಲ್ಲಿಯೇ ದೊರೆಯಿತು. ಇಪ್ಪತ್ತನೆಯ ಶತಮಾನದಲ್ಲಿ ಪೈನ್ ಮರಗಳೇ ಇಲ್ಲದ ದೇಶಗಳಿಗೆ ಅವುಗಳ ಬೀಜವನ್ನು ಒಯ್ದು ನೆಡುವ ಕಾರ್ಯ ಎಲ್ಲೆಡೆ ನಡೆಯಿತು. ಬೀಜ ಮೊಳೆಯುತ್ತಿತ್ತು, ಸಸಿ ಕೆಲವು ತಿಂಗಳು ಬಾಳುತ್ತಿತ್ತು, ಅನಂತರ ಹಳದಿಗಟ್ಟಿ ಗಿಡ್ಡಾಗಿ ನಿಲ್ಲುತ್ತಿತ್ತು. ನೀರು ಕೊಟ್ಟರೂ ಫಲವಿಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಸಸಿಮಡಿಗಳಲ್ಲಿ ಹೀಗೆಯೇ ಆದಾಗ, ಅಲ್ಲಿನ ಅರಣ್ಯಾಧಿಕಾರಿ ಎಸ್. ಎಲ್. ಕೆಸೆಲ್, ಚೆನ್ನಾಗಿ ಬೆಳೆದ ಪೈನ್ ತೋಪಿನ ಮಣ್ಣನ್ನು ತಂದು ಬೆರೆಸಿದರೆ ಸಸಿಗಳು ಚೇತರಿಸಿಕೊಳ್ಳುವುದನ್ನು 1927ರಲ್ಲಿ ವರದಿ ಮಾಡಿದನು. ಆ ಮಣ್ಣಿನೊಡನೆ ಬಂದದ್ದು ಗೊಬ್ಬರವಲ್ಲ, ಶಿಲೀಂಧ್ರ.

ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತದ ವೇರ್‌ಹ್ಯಾಮ್ ಎಂಬಲ್ಲಿನ ಬರಡು ಬಯಲಿನಲ್ಲಿ ಪೈನ್ ಬೀಜಗಳು ಮೊಳೆತರೂ ಬೆಳೆಯದೆ ನಿಂತ ಸಮಸ್ಯೆಯನ್ನು 1930ರ ದಶಕದಲ್ಲಿ ಎಂ. ಸಿ. ರೇನರ್ ಎಂಬ ವಿದುಷಿ ಅಧ್ಯಯನ ಮಾಡಿದರು. ಸ್ವಲ್ಪವೇ ಕಾಂಪೋಸ್ಟ್ ಗೊಬ್ಬರ ಬೆರೆಸಿದಾಗ ಬೇರಿನ ಶಿಲೀಂಧ್ರ ಚುರುಕಾಗಿ, ಸಸಿಗಳು ಅಳತೆ ಮೀರಿ ಬೆಳೆದವು. ಕೊಟ್ಟ ಗೊಬ್ಬರದಲ್ಲಿದ್ದ ಸಾರದ ಲೆಕ್ಕಕ್ಕೆ ಈ ಬೆಳವಣಿಗೆ ನಿಲುಕುವಂತಿರಲಿಲ್ಲ.

ಎಲ್ಲಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಕೆರಿಬಿಯನ್ ಸಮುದ್ರದ ಪೋರ್ಟೋ ರಿಕೋ ದ್ವೀಪದ್ದು. ಅಲ್ಲಿ ಪೈನ್ ಬೆಳೆಸುವ ಪ್ರಯತ್ನಗಳು ದಶಕಗಳ ಕಾಲ ಸೋತಿದ್ದವು. 1955ರಲ್ಲಿ ಅಮೆರಿಕದ ಉತ್ತರ ಕೆರೊಲಿನಾದ ಪೈನ್ ಕಾಡಿನ ಮಣ್ಣನ್ನು ತಂದು ಸಸಿಗಳ ಬುಡಕ್ಕೆ ಸೇರಿಸಲಾಯಿತು. ಆ ಸಸಿಗಳು ಹುರುಪಿನಿಂದ ಬೆಳೆದವು. ಮಣ್ಣು ಸೇರಿಸದ ಜೊತೆಯ ಸಸಿಗಳಲ್ಲಿ ಹೆಚ್ಚಿನವು ಸತ್ತವು ಅಥವಾ ಕುಬ್ಜವಾಗಿ ಉಳಿದವು. ದ್ವೀಪದಲ್ಲಿ ಮಳೆಗೆ ಕೊರತೆಯಿರಲಿಲ್ಲ, ಬಿಸಿಲಿಗೂ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ಒಬ್ಬ ಜೊತೆಗಾರನದು.

ಇಷ್ಟಾದರೂ ಶಿಲೀಂಧ್ರ ನಿಜವಾಗಿಯೂ ಏನನ್ನು ಸಾಗಿಸುತ್ತದೆ ಎಂಬುದನ್ನು ಕಣ್ಣಾರೆ ಕಂಡವರಿರಲಿಲ್ಲ. ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾಲಯದ ಎಲಿಯಾಸ್ ಮೆಲಿನ್ 1920ರ ದಶಕದಿಂದಲೇ ಶುದ್ಧೀಕರಿಸಿದ ಪಾತ್ರೆಗಳಲ್ಲಿ ಒಂದು ಸಸಿ, ಒಂದು ಶಿಲೀಂಧ್ರ ಇವೆರಡನ್ನೇ ಇಟ್ಟು ಅವುಗಳ ಕೂಟವನ್ನು ಏರ್ಪಡಿಸುವ ಕ್ರಮವನ್ನು ಬೆಳೆಸಿದ್ದನು. ಇತರ ಸೂಕ್ಷ್ಮಜೀವಿಗಳ ಸಂದೇಹಕ್ಕೆ ಅಲ್ಲಿ ಎಡೆಯಿರಲಿಲ್ಲ. 1950ರಲ್ಲಿ ಮೆಲಿನ್ ಮತ್ತು ನಿಲ್ಸನ್, ಶಿಲೀಂಧ್ರದ ಎಳೆಗಳು ಮಾತ್ರ ಮುಟ್ಟಬಲ್ಲ ಕಡೆಯಲ್ಲಿ ವಿಕಿರಣಶೀಲ ರಂಜಕವನ್ನು ಇರಿಸಿದರು. ಆ ರಂಜಕ ಎಳೆಗಳ ಮೂಲಕ ಸಾಗಿ ಪೈನ್ ಸಸಿಯನ್ನು ಸೇರಿತು. ಫ್ರಾಂಕನ ಮಾತು ಅವನು ತೀರಿಕೊಂಡು ಐವತ್ತು ವರ್ಷಗಳ ಬಳಿಕ ಪ್ರಮಾಣಕ್ಕೆ ಬಂದಿತು.

ಬೇರಿನೊಳಗಿನ ಪುಟ್ಟ ಮರ

ಪೈನ್, ಓಕ್ ಮುಂತಾದ ಮರಗಳಲ್ಲಿ ಶಿಲೀಂಧ್ರವು ಬೇರಿನ ಹೊರಗೆ ಹೊದಿಕೆ ಹೊದಿಸುತ್ತದೆ. ಮಳೆ ಬಿದ್ದಾಗ ಮರದ ಸುತ್ತ ಅಣಬೆಯಾಗಿ ಮೇಲೇಳುತ್ತದೆ. ಆದರೆ ರಾಗಿ, ಜೋಳ, ತೊಗರಿ, ಶೇಂಗಾ, ಮಾವು, ಹುಣಸೆ, ಬೇವು ಇವುಗಳ ಬೇರಿನ ಮೇಲೆ ಅಂಥ ಹೊದಿಕೆ ಕಾಣಿಸುವುದಿಲ್ಲ. ಅವುಗಳ ಜೊತೆಗಾರ ಬೇರೆ ಜಾತಿಯದು. ಅದು ಬೇರಿನ ಒಳಹೊಕ್ಕು, ಜೀವಕೋಶಗಳೊಳಗೆ ಅತಿ ಸೂಕ್ಷ್ಮವಾದ ಕವಲುಗಳನ್ನು ಬಿಡುತ್ತದೆ. ಸೂಕ್ಷ್ಮದರ್ಶಕದಲ್ಲಿ ಅದು ಪುಟ್ಟ ಮರದಂತೆ ತೋರುವುದರಿಂದ 1905ರಲ್ಲಿ ಫ್ರೆಂಚ್ ವಿಜ್ಞಾನಿ ಗ್ಯಾಲೋ ಅದಕ್ಕೆ ಪುಟ್ಟ ಮರ ಎಂಬ ಅರ್ಥದ ಹೆಸರನ್ನೇ ಕೊಟ್ಟನು. ಕೊಡುಕೊಳ್ಳುವಿಕೆ ನಡೆಯುವ ಸ್ಥಾನ ಅದೇ. ಭೂಮಿಯ ಸಸ್ಯಜಾತಿಗಳಲ್ಲಿ ನೂರಕ್ಕೆ ಸುಮಾರು 70ರಷ್ಟಕ್ಕೆ ಈ ಬಗೆಯ ಜೊತೆಗಾರನಿದ್ದಾನೆ.

ಹೊರಗೆ ಕಾಣದ್ದರಿಂದ ಈ ಶಿಲೀಂಧ್ರ ಬಹುಕಾಲ ಉಪೇಕ್ಷೆಗೆ ಒಳಗಾಯಿತು. ಜೀವಂತ ಬೇರಿನ ಹೊರತು ಅದು ಬೇರೆಡೆ ಸುಲಭವಾಗಿ ಬೆಳೆಯದು; ಆದ್ದರಿಂದ ಪ್ರಯೋಗವೂ ಕಷ್ಟ. 1953ರಲ್ಲಿ ಇಂಗ್ಲೆಂಡಿನ ಈಸ್ಟ್ ಮಾಲಿಂಗ್ ಸಂಶೋಧನಾ ಕೇಂದ್ರದಲ್ಲಿ ಬಾರ್ಬರಾ ಮಾಸ್ ಎಂಬ ವಿಜ್ಞಾನಿ ಸ್ಟ್ರಾಬೆರಿ ಗಿಡಗಳ ಬೇರಿನ ಬಳಿ ಈ ಶಿಲೀಂಧ್ರದ ಬೀಜಕಗಳನ್ನು ಗುರುತಿಸಿದರು. 1957ರಲ್ಲಿ ಸೇಬಿನ ಸಸಿಗಳಿಗೆ ಅದನ್ನು ಸೇರಿಸಿ ಬೆಳವಣಿಗೆ ಹೆಚ್ಚುವುದನ್ನು ತೋರಿಸಿದರು. ಅಮೆರಿಕದ ಗರ್ಡೆಮನ್ ಮತ್ತು ಸ್ಕಾಟ್ಲೆಂಡಿನ ನಿಕೋಲ್ಸನ್ ಮಣ್ಣನ್ನು ನೀರಿನಲ್ಲಿ ಕಲಕಿ ಜರಡಿ ಹಿಡಿದು ಬೀಜಕಗಳನ್ನು ಬೇರ್ಪಡಿಸುವ ಸರಳ ವಿಧಾನವನ್ನು 1963ರಲ್ಲಿ ಪ್ರಚುರಪಡಿಸಿದ ಮೇಲೆ, ಜಗತ್ತಿನ ಯಾವ ಮೂಲೆಯ ಹೊಲದ ಮಣ್ಣನ್ನಾದರೂ ಪರೀಕ್ಷಿಸುವುದು ಸಾಧ್ಯವಾಯಿತು.

ಈ ಗೆಳೆತನ ಎಷ್ಟು ಹಳೆಯದೆಂಬುದನ್ನು ಹೇಳಿದ್ದು ಒಂದು ಕಲ್ಲು. ಸ್ಕಾಟ್ಲೆಂಡಿನ ರೈನಿ ಎಂಬ ಹಳ್ಳಿಯ ಬಳಿ ಸುಮಾರು 40 ಕೋಟಿ 70 ಲಕ್ಷ ವರ್ಷಗಳ ಹಿಂದಿನ ಸಸ್ಯಗಳು ಬಿಸಿನೀರಿನ ಬುಗ್ಗೆಗಳ ಸಿಲಿಕಾದಲ್ಲಿ ಕಲ್ಲಾಗಿ ಉಳಿದಿವೆ. 1917ರಿಂದ 1921ರವರೆಗೆ ಕಿಡ್‌ಸ್ಟನ್ ಮತ್ತು ಲ್ಯಾಂಗ್ ಅವುಗಳನ್ನು ವಿವರಿಸಿದರು. 1994ರಲ್ಲಿ ರೆಮಿ ಮತ್ತು ಸಂಗಡಿಗರು ಆ ಸಸ್ಯಗಳ ಜೀವಕೋಶಗಳೊಳಗೆ ಅದೇ ಪುಟ್ಟ ಮರದ ಆಕೃತಿಯನ್ನು ಕಂಡರು. ಆ ಸಸ್ಯಗಳಿಗೆ ನಿಜವಾದ ಬೇರೇ ಇರಲಿಲ್ಲ; ಶಿಲೀಂಧ್ರ ಮಾತ್ರ ಆಗಲೇ ಇತ್ತು. ನೀರನ್ನು ಬಿಟ್ಟು ಬರಿಯ ಕಲ್ಲುನೆಲಕ್ಕೆ ಏರಿದ ಹಸಿರು ಒಂಟಿಯಾಗಿ ಏರಲಿಲ್ಲ ಎಂದು 1975ರಲ್ಲಿಯೇ ಪಿರೋಜಿನ್ಸ್ಕಿ ಮತ್ತು ಮಲಕ್ ಮಂಡಿಸಿದ್ದ ಊಹೆಗೆ ಇದರಿಂದ ಬಲ ಬಂದಿತು.

ಹಸಿವೆ ಮತ್ತು ಬಾಯಾರಿಕೆ

ಬರಗಾಲದಲ್ಲಿ ಈ ಜೊತೆಗಾರ ಹೇಗೆ ನೆರವಾಗುತ್ತಾನೆ ಎಂಬ ಪ್ರಶ್ನೆಗೆ ಉತ್ತರ ಹುಡುಕಿದವರಿಗೆ ಮೊದಲು ಎದುರಾದದ್ದು ಒಂದು ಅನಿರೀಕ್ಷಿತ ಸಂಗತಿ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಸಫಿರ್, ಬಾಯರ್ ಮತ್ತು ಗರ್ಡೆಮನ್ 1971ರಲ್ಲಿ ಸೋಯಾ ಅವರೆಯ ಗಿಡಗಳಲ್ಲಿ ನೀರಿನ ಹರಿವನ್ನು ಅಳೆದರು. ಶಿಲೀಂಧ್ರವುಳ್ಳ ಗಿಡಗಳಲ್ಲಿ ನೀರು ಹೆಚ್ಚು ಸರಾಗವಾಗಿ ಮೇಲೇರುತ್ತಿತ್ತು. ಎಳೆಗಳೇ ನೀರನ್ನು ಹೊತ್ತು ತರುತ್ತಿವೆ ಎಂದು ಅಲ್ಲಿಗೇ ತೀರ್ಮಾನಿಸಬಹುದಿತ್ತು. ಅವರು ಹಾಗೆ ಮಾಡದೆ, ಶಿಲೀಂಧ್ರವಿಲ್ಲದ ಗಿಡಗಳಿಗೆ ಪೋಷಕಾಂಶಗಳನ್ನು ಧಾರಾಳವಾಗಿ ಕೊಟ್ಟು ಮತ್ತೆ ಅಳೆದರು. ವ್ಯತ್ಯಾಸ ಮಾಯವಾಯಿತು. 1972ರಲ್ಲಿ ಅವರು ತಮ್ಮ ತೀರ್ಮಾನವನ್ನು ಪ್ರಕಟಿಸಿದರು: ಬಾಯಾರಿಕೆ ತಗ್ಗಿದ್ದು ಹಸಿವೆ ತಗ್ಗಿದ್ದರಿಂದ.

ಇದರ ಮರ್ಮ ಮಣ್ಣಿನಲ್ಲಿದೆ. ಸಸ್ಯಕ್ಕೆ ಬೇಕಾದ ಪೋಷಕಗಳಲ್ಲಿ ರಂಜಕವು ಮಣ್ಣಿನ ಕಣಗಳಿಗೆ ಬಲವಾಗಿ ಅಂಟಿಕೊಳ್ಳುವಂಥದು. ಕಬ್ಬಿಣ ಮತ್ತು ಅಲ್ಯುಮಿನಿಯಮ್ ಅಂಶ ಹೆಚ್ಚಾದ ಕೆಂಪು ನೆಲದಲ್ಲಿ ಇದು ಇನ್ನೂ ಹೆಚ್ಚು. ಕಣಗಳ ನಡುವಿನ ನೀರಿನ ಪದರದ ಮೂಲಕ ಅದು ಕೂದಲೆಳೆಯಷ್ಟು ದೂರವನ್ನು ಕ್ರಮಿಸಲೂ ಬಹಳ ಹೊತ್ತು ಬೇಕು. ಆದ್ದರಿಂದ ಬೇರು ತನ್ನ ಸುತ್ತಲಿನ ಒಂದೆರಡು ಮಿಲಿಮೀಟರ್ ಮಣ್ಣಿನ ರಂಜಕವನ್ನು ಬೇಗನೆ ಹೀರಿ ಮುಗಿಸುತ್ತದೆ. ಅದರಾಚೆಗೆ ರಂಜಕವಿದ್ದರೂ ಕೈಗೆ ಸಿಗದು. ಮಣ್ಣು ಒಣಗಿದಂತೆಲ್ಲ ನೀರಿನ ಪದರ ತೆಳುವಾಗಿ, ದಾರಿ ತುಂಡುತುಂಡಾಗಿ, ರಂಜಕದ ನಡಿಗೆ ಮತ್ತಷ್ಟು ನಿಧಾನವಾಗುತ್ತದೆ. ಹೀಗೆ ಬರ ಬಂದಾಗ ಸಸ್ಯಕ್ಕೆ ನೀರಿನ ಕೊರತೆಯ ಜೊತೆಗೇ ಆಹಾರದ ಕೊರತೆಯೂ ಒದಗುತ್ತದೆ. ಹಸಿದ ಸಸಿ ಹೊಸ ಬೇರು ಬಿಡಲಾರದು. ಹೊಸ ಬೇರಿಲ್ಲದೆ ಆಳದ ತೇವ ಸಿಗದು.

ಶಿಲೀಂಧ್ರದ ಎಳೆ ಈ ತೊಡಕನ್ನು ಬಿಡಿಸುತ್ತದೆ. ಅದರ ದಪ್ಪ ಒಂದು ಮಿಲಿಮೀಟರಿನ ಕೆಲವೇ ಸಾವಿರದೊಂದು ಪಾಲು. ಬೇರು ನುಗ್ಗಲಾರದ ಅತಿ ಕಿರಿದಾದ ಸಂದುಗಳಲ್ಲಿ ಅದು ನುಗ್ಗುತ್ತದೆ. ಮಣ್ಣು ಒಣಗುವಾಗ ನೀರು ಕೊನೆಯವರೆಗೆ ಉಳಿಯುವುದೂ ಅಂಥ ಸಂದುಗಳಲ್ಲಿಯೇ. ಬೇರಿನಿಂದ ಹಲವು ಸೆಂಟಿಮೀಟರ್ ದೂರದವರೆಗೆ ಅದು ಹರಡಬಲ್ಲದು. ಅಷ್ಟೇ ಉದ್ದದ ಬೇರನ್ನು ಬೆಳೆಸಲು ಸಸ್ಯಕ್ಕೆ ತಗಲುವ ವೆಚ್ಚಕ್ಕೆ ಹೋಲಿಸಿದರೆ ಎಳೆಯ ವೆಚ್ಚ ಅತ್ಯಲ್ಪ. ಒಣಗಿದ ಮಣ್ಣಿನಲ್ಲಿ ಬೇರು ಸಂಕುಚಿಸಿ, ಮಣ್ಣಿಗೂ ಅದಕ್ಕೂ ನಡುವೆ ಗಾಳಿಯ ತೆರಪು ಬಿದ್ದಾಗಲೂ ಎಳೆಗಳು ಆ ತೆರಪನ್ನು ದಾಟಿ ಸಂಬಂಧವನ್ನು ಉಳಿಸುತ್ತವೆ. ಅವು ಮಣ್ಣಿನ ಕಣಗಳನ್ನು ಹೆಣೆದು ಸಣ್ಣ ಸಣ್ಣ ಹೆಂಟೆಗಳಾಗಿ ಹಿಡಿದಿಡುವುದರಿಂದ, ಬಂದ ಮಳೆ ಹರಿದುಹೋಗದೆ ನೆಲಕ್ಕೆ ಇಂಗಲು ಅನುಕೂಲವಾಗುತ್ತದೆ.

ಹಾಗಾದರೆ ಎಳೆಗಳು ನೀರನ್ನು ನೇರವಾಗಿ ತರುವುದೇ ಇಲ್ಲವೆ? ಈ ಪ್ರಶ್ನೆ ಹಲವು ದಶಕಗಳ ಚರ್ಚೆಗೆ ಕಾರಣವಾಯಿತು. 1980ರಲ್ಲಿ ಇಂಗ್ಲೆಂಡಿನ ಡಡ್ರಿಜ್, ಮಲಿಬಾರಿ ಮತ್ತು ರೀಡ್, ಪೈನ್ ಜಾತಿಯ ಮರಗಳ ಶಿಲೀಂಧ್ರಗಳಲ್ಲಿ ಎಳೆಗಳು ಹುರಿಗೊಂಡು ಆದ ಹಗ್ಗದಂಥ ರಚನೆಗಳ ಮೂಲಕ ಗುರುತು ಹಾಕಿದ ನೀರು ಸಾಗುವುದನ್ನು ತೋರಿಸಿದರು. ಬೆಳೆಗಳೊಳಗಿನ ಶಿಲೀಂಧ್ರದ ವಿಷಯದಲ್ಲಿ ಸಂದೇಹ ಹೆಚ್ಚು ಕಾಲ ಉಳಿಯಿತು. 2022ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸಂಶೋಧಕರು ಕಾಡು ಓಟ್ಸ್ ಗಿಡದ ಬೇರಿಗೂ ನೀರಿರುವ ಮಣ್ಣಿಗೂ ನಡುವೆ ಗಾಳಿಯ ಅಂತರವಿಟ್ಟು, ಎಳೆಗಳು ಮಾತ್ರ ದಾಟಬಲ್ಲ ಏರ್ಪಾಡು ಮಾಡಿದರು. ಗುರುತು ಹಾಕಿದ ನೀರು ಅತ್ತಣಿಂದ ಗಿಡಕ್ಕೆ ಬಂದಿತು. ಹಸಿವೆಯ ಮೂಲಕವೂ ನೆರವು, ನೀರಿನ ಮೂಲಕವೂ ನೆರವು ಎಂದು ಎರಡೂ ಪಕ್ಷಗಳ ಮಾತು ತಮ್ಮ ತಮ್ಮ ಎಲ್ಲೆಯೊಳಗೆ ನಿಜವಾಯಿತು.

ನೆರವು ಒಂದೇ ದಿಕ್ಕಿನದಲ್ಲ ಎಂಬುದು 2003ರಲ್ಲಿ ತಿಳಿಯಿತು. ಕೆಲವು ಮರಗಳ ಆಳದ ಬೇರುಗಳು ರಾತ್ರಿ ವೇಳೆ ಕೆಳಗಿನ ತೇವವನ್ನು ಮೇಲೆತ್ತುತ್ತವೆ. ಮೇಲ್ಮಣ್ಣು ಪೂರ್ತಿ ಒಣಗಿದ್ದಾಗ ಕ್ಯಾಲಿಫೋರ್ನಿಯಾದ ಓಕ್ ಸಸಿಗಳು ಹಾಗೆ ಎತ್ತಿದ ನೀರು ಅವುಗಳ ಶಿಲೀಂಧ್ರಗಳಿಗೂ ಸಲ್ಲುವುದನ್ನು ಕೆರೆಹೆತ, ಎಗರ್ಟನ್ ವಾರ್ಬರ್ಟನ್ ಮತ್ತು ಆಲೆನ್ ಕಂಡರು. ಹಗಲೆಲ್ಲ ಮರಕ್ಕಾಗಿ ಮಣ್ಣನ್ನು ಜಾಲಿಸುವ ಎಳೆಗಳು, ತಮ್ಮ ಸುತ್ತಲ ಮಣ್ಣು ಸುಟ್ಟುಹೋದಾಗ ಮರದಿಂದಲೇ ನೀರು ಪಡೆದು ಜೀವ ಹಿಡಿಯುತ್ತವೆ.

ಈ ತಿಳಿವು ಪುಸ್ತಕದಲ್ಲಿ ಉಳಿಯಲಿಲ್ಲ. 1970ರ ದಶಕದಲ್ಲಿ ಅಮೆರಿಕದ ಅರಣ್ಯ ಸೇವೆಯ ಡೊನಾಲ್ಡ್ ಮಾರ್ಕ್ಸ್, ಕಲ್ಲಿದ್ದಲ ಗಣಿಗಳ ಕಾದ, ಹುಳಿಯಾದ, ನಿಸ್ಸಾರವಾದ ಮಣ್ಣುದಿಬ್ಬಗಳ ಮೇಲೆ ಸೂಕ್ತ ಶಿಲೀಂಧ್ರವನ್ನು ಬೇರಿಗೆ ಸೇರಿಸಿದ ಪೈನ್ ಸಸಿಗಳನ್ನು ಬದುಕಿಸಿ ತೋರಿಸಿದನು. ಕರ್ನಾಟಕದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವು ಈ ಅಧ್ಯಯನದ ಮುಖ್ಯ ಕೇಂದ್ರವಾಯಿತು. ಅಲ್ಲಿನ ಡಿ. ಜೆ. ಭಾಗ್ಯರಾಜ್ ಅವರು ಸಹೋದ್ಯೋಗಿಯೊಡನೆ 1980ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ರಂಜಕದ ಕೊರತೆಯುಳ್ಳ, ಕಾಯಿಸಿ ಶುದ್ಧಿಗೊಳಿಸದ ಸಹಜ ಮಣ್ಣಿನಲ್ಲಿಯೇ ಹತ್ತಿ, ಅಲಸಂದೆ ಮತ್ತು ರಾಗಿ ಬೆಳೆಗಳಿಗೆ ಶಿಲೀಂಧ್ರವನ್ನು ಸೇರಿಸಿ ಬೆಳವಣಿಗೆ ಉತ್ತಮಗೊಳ್ಳುವುದನ್ನು ತೋರಿಸಿದರು. ಸಸಿಮಡಿಯಲ್ಲಿ ಬೆಳೆಸಿ ಅನಂತರ ನಾಟಿ ಮಾಡುವ ಬೆಳೆಗಳಿಗೆ ಇದು ವಿಶೇಷವಾಗಿ ಹೊಂದುತ್ತದೆ. ಮಡಿಯಲ್ಲಿ ಸ್ವಲ್ಪವೇ ಸೇರಿಸಿದರೂ ಪ್ರತಿಯೊಂದು ಸಸಿಯೂ ತನ್ನ ಜೊತೆಗಾರನನ್ನು ಹೊಲಕ್ಕೆ ಒಯ್ಯುತ್ತದೆ.

ಮನುಷ್ಯನ ಕೈಯ ಮಿತಿ

ಇಷ್ಟನ್ನು ಕೇಳಿ, ಈ ಶಿಲೀಂಧ್ರವನ್ನು ಹಾಕಿದರೆ ಬರವೇ ಇಲ್ಲ ಎಂದು ಯಾರಾದರೂ ಭಾವಿಸಿದರೆ ಅದು ಇನ್ನೊಂದು ಬಗೆಯ ಅವಿವೇಕ. ನೀರೇ ಇಲ್ಲದಲ್ಲಿ ಎಳೆಗಳು ನೀರನ್ನು ಹುಟ್ಟಿಸಲಾರವು. ಸಾಸಿವೆ, ಕೋಸು, ಮೂಲಂಗಿಯ ಕುಲಕ್ಕೆ ಈ ಜೊತೆಗಾರನೇ ಇಲ್ಲ. ಮಣ್ಣಿನಲ್ಲಿ ಆಗಲೇ ಸಾಕಷ್ಟು ಶಿಲೀಂಧ್ರವಿದ್ದರೆ ಹೊರಗಿನಿಂದ ತಂದು ಹಾಕಿದ್ದರ ಫಲ ಕಾಣದೆ ಹೋಗಬಹುದು. ಈ ಕೂಟವನ್ನು ನಿಃಸ್ವಾರ್ಥ ದಾನವೆಂದು ಬಣ್ಣಿಸುವುದೂ ಸರಿಯಲ್ಲ. ಹೆಚ್ಚು ರಂಜಕ ಕೊಟ್ಟ ಶಿಲೀಂಧ್ರಕ್ಕೆ ಸಸ್ಯವು ಹೆಚ್ಚು ಸಕ್ಕರೆಯನ್ನೂ, ಹೆಚ್ಚು ಸಕ್ಕರೆ ಕೊಟ್ಟ ಬೇರಿಗೆ ಶಿಲೀಂಧ್ರವು ಹೆಚ್ಚು ರಂಜಕವನ್ನೂ ಸಲ್ಲಿಸುವುದನ್ನು 2011ರಲ್ಲಿ ಟೋಬಿ ಕೀರ್ಸ್ ಮತ್ತು ಸಂಗಡಿಗರು ತೋರಿಸಿದರು. ಕಾಡಿನ ಮರಗಳು ಈ ಎಳೆಗಳ ಮೂಲಕ ತಮ್ಮ ಮಕ್ಕಳನ್ನು ಸಾಕುತ್ತವೆ ಎಂಬ ಜನಪ್ರಿಯ ಕಥನಕ್ಕೆ ಬಯಲಿನಲ್ಲಿ ದೊರೆತ ಆಧಾರ ಸಾಲದೆಂದು 2023ರಲ್ಲಿ ಅದೇ ಕ್ಷೇತ್ರದ ವಿಜ್ಞಾನಿಗಳೇ ಎಚ್ಚರಿಸಿದ್ದಾರೆ. ಶತ್ರುವೆಂದು ಅವಸರದಲ್ಲಿ ದೂರಿದ್ದು ಹೇಗೆ ತಪ್ಪೋ, ದೇವತೆಯೆಂದು ಅವಸರದಲ್ಲಿ ಹೊಗಳುವುದೂ ಹಾಗೆಯೇ ತಪ್ಪು.

ಆದರೆ ಈ ಕೂಟವನ್ನು ಮುರಿಯುವುದು ಎಷ್ಟು ಸುಲಭ ಎಂಬುದರಲ್ಲಿ ಸಂದೇಹವಿಲ್ಲ. ರಂಜಕದ ಗೊಬ್ಬರ ಅತಿಯಾದಾಗ ಸಸ್ಯವು ಶಿಲೀಂಧ್ರಕ್ಕೆ ಕೊಡುವುದನ್ನು ಕಡಿಮೆ ಮಾಡುತ್ತದೆ. ಬೇರಿನೊಳಗಿನ ನೆಲೆ ಬರಿದಾಗುತ್ತದೆ. ಮತ್ತೆ ಮತ್ತೆ ಉತ್ತಾಗ ಎಳೆಗಳ ಜಾಲ ಹರಿಯುತ್ತದೆ. 1998ರಲ್ಲಿ ಇಂಗ್ಲೆಂಡಿನ ಯಾರ್ಕ್ ಸುತ್ತಮುತ್ತ ಅಧ್ಯಯನ ನಡೆಸಿದ ಹೆಲ್ಗಾಸನ್ ಮತ್ತು ಸಂಗಡಿಗರಿಗೆ ಕಾಡಿನ ನೆಲದಲ್ಲಿ ಕಂಡ ಶಿಲೀಂಧ್ರಗಳ ವೈವಿಧ್ಯ ಉಳುವ ಹೊಲಗಳಲ್ಲಿ ಕಾಣಲಿಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಎರೆಭೂಮಿಯಲ್ಲಿ ರೈತರು ಮಳೆಯ ತೇವವನ್ನು ಕೂಡಿಡುವ ಉದ್ದೇಶದಿಂದ ಹೊಲವನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ಬರಿದಾಗಿ ಬಿಡುತ್ತಿದ್ದರು. ತೇವ ಕೂಡಿತು, ಆದರೆ ಅನಂತರ ಬಿತ್ತಿದ ಬೆಳೆ ಸೊರಗಿತು. ಬೇರೇ ಇಲ್ಲದ ನೆಲದಲ್ಲಿ ಅಷ್ಟು ಕಾಲ ಉಪವಾಸವಿದ್ದ ಶಿಲೀಂಧ್ರ ಕ್ಷೀಣಿಸಿತ್ತು. ಗಿಡಗಳಿಗೆ ರಂಜಕವೂ ಸತುವೂ ಸಿಗದಾಗಿತ್ತು. ಈ ಕಾರಣವನ್ನು 1987ರಲ್ಲಿ ಜಾನ್ ಥಾಂಪ್ಸನ್ ವಿವರಿಸಿದನು. ನೀರನ್ನು ಉಳಿಸಲು ಹೋಗಿ, ನೀರನ್ನು ಬಳಸಲು ನೆರವಾಗುವ ಜೀವವನ್ನು ಕಳೆದುಕೊಂಡಂತಾಗಿತ್ತು.

ಈ ದೃಷ್ಟಾಂತದಲ್ಲಿ ರೈತನ ದುರುದ್ದೇಶವೇನೂ ಇರಲಿಲ್ಲ. ಕಾಣದ ಜೀವಕ್ಕೆ ಆಗುವ ಹಾನಿ ಹೆಚ್ಚಾಗಿ ದ್ವೇಷದಿಂದಲ್ಲ, ಅಲಕ್ಷ್ಯದಿಂದಲೇ ಆಗುತ್ತದೆ. ಬಸದಿ, ದೇವಾಲಯ, ಶಾಲೆಗಳ ಸುತ್ತಲಿನ ಬಯಲನ್ನು ಹಸಿರು ಮಾಡಲು ಹೊರಡುವ ಧರ್ಮಸಂಸ್ಥೆಗಳಿಗೂ ಇದು ಅನ್ವಯಿಸುವ ಮಾತು. ಯಂತ್ರದಿಂದ ಮೇಲ್ಮಣ್ಣನ್ನೆಲ್ಲ ಕೆರೆದು ಸಮ ಮಾಡಿ, ಇದ್ದ ಹುಲ್ಲು ಪೊದೆಗಳನ್ನು ಕಿತ್ತು, ಬರಿಯ ಗೊಚ್ಚಿನಲ್ಲಿ ಗುಂಡಿ ತೋಡಿ ನೂರು ಸಸಿ ನೆಟ್ಟರೆ, ಆ ನೂರಕ್ಕೂ ಜೊತೆಗಾರನಿಲ್ಲದ ಬಾಳು. ಮೇಲ್ಮಣ್ಣನ್ನು ಕಾಪಾಡಿ, ಅದೇ ಪ್ರದೇಶದ ಮರಗಳ ಬುಡದ ಹಿಡಿ ಮಣ್ಣನ್ನು ಗುಂಡಿಗೆ ಸೇರಿಸಿ, ನೆಲದ ಮೇಲೆ ತರಗೆಲೆಯ ಹೊದಿಕೆ ಬಿಟ್ಟು, ನಡುವೆ ಯಾವುದಾದರೂ ಹಸಿರು ಇರುವಂತೆ ನೋಡಿಕೊಂಡರೆ, ಹೆಚ್ಚಿನ ಖರ್ಚಿಲ್ಲದೆ ಆ ಜೊತೆಗಾರನಿಗೆ ನೆಲೆ ದೊರೆಯುತ್ತದೆ. ಪೋರ್ಟೋ ರಿಕೋ ದ್ವೀಪದಲ್ಲಿ ದಶಕಗಳ ಸೋಲಿನ ಬಳಿಕ ಕಲಿತ ಪಾಠ ಇಷ್ಟೇ.

ಮಣ್ಣು ಬಡವಾದಷ್ಟೂ ಈ ಬಾಂಧವ್ಯದ ಬೆಲೆ ಹೆಚ್ಚು. ಸಮೃದ್ಧಿಯಲ್ಲಿ ಸಸ್ಯವು ಜೊತೆಗಾರನನ್ನು ದೂರವಿಡುತ್ತದೆ. ಕೊರತೆಯಲ್ಲಿ ತಾನು ತಯಾರಿಸಿದ ಆಹಾರದ ಒಂದು ಪಾಲನ್ನು ತೆಗೆದಿಟ್ಟು ಅವನನ್ನು ಉಳಿಸಿಕೊಳ್ಳುತ್ತದೆ. ಅದು ಸಸ್ಯದ ನೀತಿಯಲ್ಲ, ಅದರ ಬದುಕಿನ ಕ್ರಮ. ನೀತಿಯ ಪ್ರಶ್ನೆ ಮನುಷ್ಯನಿಗೆ ಮಾತ್ರ ಸಂಬಂಧಿಸಿದ್ದು. ಕಣ್ಣಿಗೆ ಕಾಣದಿರುವುದನ್ನು ಇಲ್ಲವೆಂದೂ, ತನಗೆ ತಿಳಿಯದಿರುವುದನ್ನು ಹಾನಿಕರವೆಂದೂ ತೀರ್ಮಾನಿಸುವ ಮುನ್ನ ಒಮ್ಮೆ ನೆಲವನ್ನು ಅಗೆದು ನೋಡುವ ತಾಳ್ಮೆ ಅವನಿಗೆ ಬೇಕು. ಬೆಲೆಬಾಳುವ ಅಣಬೆಯನ್ನು ಹುಡುಕುತ್ತ ಹೋಗಿ ಅದನ್ನು ಪಡೆಯದೆ, ಬೇರಿನ ತುದಿಯ ತೆಳು ಹೊದಿಕೆಯನ್ನು ಗಮನಿಸಿ ನಿಂತ ಬರ್ಲಿನ್ನಿನ ಆ ಪ್ರಾಧ್ಯಾಪಕನಲ್ಲಿ ಇದ್ದದ್ದು ಅಂಥ ತಾಳ್ಮೆಯೇ.